ಅಂಬೇಡ್ಕರ್ ಎದುರು ಚುನಾವಣೆಗೆ ನಿಂತ ಸ್ಪಿನ್ನರ್

ಪ್ರಶ್ನೆ: ಅಂಬೇಡ್ಕರ್ ವಿರುದ್ಧ ದಲಿತ ಕ್ರಿಕೆಟಿಗರೊಬ್ಬರು ಚುನಾವಣೆಗೆ ನಿಂತಿದ್ದರಂತೆ. ನಿಜವೇ? ನಿಜವಾದರೆ, ಯಾಕೆ ನಿಂತರು?

ಉತ್ತರ: ನಿಜ. 1937ರ ಮುಂಬೈ ಪ್ರಾಂತೀಯ ಶಾಸನಸಭೆಯ ಚುನಾವಣೆ ಅದು. ಅಂಬೇಡ್ಕರ್ ತಾವೇ ಕಟ್ಟಿದ ಸ್ವತಂತ್ರ ಕಾರ್ಮಿಕ ಪಕ್ಷದಿಂದ ನಿಂತಿದ್ದರು. ಕಾಂಗ್ರೆಸ್ ಅಭ್ಯರ್ಥಿ ಪಾಲ್ವಣಕರ್ ಬಾಲೂ. ಅಂಬೇಡ್ಕರ್ ಸುಮಾರು 2,000 ಮತಗಳಿಂದ ಗೆದ್ದರು. ಇನ್ನು ‘ಯಾಕೆ’ ಎಂಬುದಕ್ಕೆ ಉತ್ತರ ಬೇಕಿದ್ದರೆ ಮೊದಲು ಮೈದಾನಕ್ಕೆ ಹೋಗಬೇಕು.

ಬಾಲೂ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, ಚಮ್ಮಾರ ಕುಟುಂಬದಲ್ಲಿ. ಬೆಳೆದದ್ದು ಪುಣೆಯಲ್ಲಿ. ಅಲ್ಲಿನ ಯುರೋಪಿಯನ್ನರ ಕ್ಲಬ್ಬಿನಲ್ಲಿ ತಿಂಗಳಿಗೆ 4 ರೂಪಾಯಿ ಸಂಬಳ. ಪಿಚ್‌ಗೆ ರೋಲರ್ ಎಳೆಯುವುದು, ನೆಟ್ ಕಟ್ಟುವುದು, ಸಾಹೇಬರಿಗೆ ಗಂಟೆಗಟ್ಟಲೆ ಬೌಲಿಂಗ್ ಮಾಡುವುದು ಅವರ ಕೆಲಸ. ಎಡಗೈ ಸ್ಪಿನ್ ಪಳಗಿದ್ದು ಅಲ್ಲೇ. ಬ್ಯಾಟ್ ಕೊಡಬೇಕೆಂದು ಮಾತ್ರ ಯಾರಿಗೂ ಅನಿಸಲಿಲ್ಲ.

ಆಗ ಕ್ರಿಕೆಟ್ ತಂಡಗಳು ಧರ್ಮ, ಜನಾಂಗದ ಲೆಕ್ಕದಲ್ಲಿರುತ್ತಿದ್ದವು. ಆ ಯುರೋಪಿಯನ್ನರನ್ನು ಸೋಲಿಸಬೇಕೆಂಬ ಹಟ ಪುಣೆಯ ಹಿಂದೂ ತಂಡಕ್ಕಿತ್ತು. ಸೇರಿಸಿಕೊಳ್ಳಬೇಕೋ ಬೇಡವೋ ಎಂಬ ಮೀನಮೇಷದ ನಂತರ ಬಾಲೂ ತಂಡಕ್ಕೆ ಬಂದರು. ಆಟ ನಡೆಯುವಷ್ಟು ಹೊತ್ತು ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಚಹಾ ವಿರಾಮ ಬಂದರೆ ಅವರಿಗೆ ಪೆವಿಲಿಯನ್ ಹೊರಗೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆಯಲ್ಲಿ ಚಹಾ. ವಿಕೆಟ್ ಬೇಕು, ಮನುಷ್ಯ ಬೇಡ.

ಆದರೆ ವಿಕೆಟ್ಟುಗಳು ಬೀಳುತ್ತಲೇ ಇದ್ದವು. 1906ರಲ್ಲಿ ಮುಂಬೈಯಲ್ಲಿ ಹಿಂದೂಗಳು ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿದಾಗ ಗೆಲುವಿನ ಮುಖ್ಯ ರೂವಾರಿ ಅವರೇ. 1911ರಲ್ಲಿ ಪಟಿಯಾಲ ಮಹಾರಾಜರ ನಾಯಕತ್ವದಲ್ಲಿ ಇಂಗ್ಲೆಂಡಿಗೆ ಹೋದ ತಂಡ ಸೋತದ್ದೇ ಹೆಚ್ಚು. ಬಾಲೂ ಮಾತ್ರ 114 ವಿಕೆಟ್ ಪಡೆದು ಮರಳಿದರು. ಆಗ ದಲಿತರು ಮುಂಬೈಯಲ್ಲಿ ಅವರನ್ನು ಸನ್ಮಾನಿಸಿದ ಸಭೆಗೆ ಮಾನಪತ್ರ ಬರೆದುಕೊಟ್ಟದ್ದು ಇನ್ನೂ ಕಾಲೇಜಿನಲ್ಲಿ ಓದುತ್ತಿದ್ದ ಅಂಬೇಡ್ಕರ್ ಎನ್ನಲಾಗಿದೆ.

ಇಷ್ಟಾದರೂ ಹಿಂದೂ ತಂಡದ ನಾಯಕತ್ವವನ್ನು ಅವರಿಗೆ ಕೊಡಲಿಲ್ಲ. 1920ರಲ್ಲಿ ಅವರನ್ನು ತಂಡದಿಂದಲೇ ಕೈಬಿಟ್ಟಾಗ ತಮ್ಮಂದಿರಾದ ವಿಠ್ಠಲ್ ಮತ್ತು ಶಿವರಾಮ್ ತಾವೂ ಆಡುವುದಿಲ್ಲವೆಂದು ಹೊರನಡೆದರು. ಮುಂಬೈಯಲ್ಲಿ ಗದ್ದಲವೆದ್ದಿತು. ಮುಂದಿನ ಪಂದ್ಯಕ್ಕೆ ಬಾಲೂ ಉಪನಾಯಕರಾದರು. 1923ರಲ್ಲಿ ವಿಠ್ಠಲ್ ಪೂರ್ಣ ನಾಯಕರಾದರು, ತಂಡವನ್ನು ಗೆಲ್ಲಿಸಿದರು.

ನನ್ನ ಲೆಕ್ಕದಲ್ಲಿ ಬಾಲೂ ಅವರ ರಾಜಕೀಯ ಹುಟ್ಟಿದ್ದು ಇಲ್ಲೇ. ಬಾಗಿಲು ತಡವಾಗಿಯಾದರೂ ತೆರೆಯುತ್ತದೆ, ಹಿಂದೂ ಸಮಾಜವನ್ನು ಒಳಗಿದ್ದೇ ಬದಲಿಸಬಹುದು ಎಂದು ಅವರು ನಂಬಿದ್ದರೆ ಅದಕ್ಕೆ ಕಾರಣವಿತ್ತು. ಸ್ವಂತ ಮನೆಯಲ್ಲೇ ಪುರಾವೆಯಿತ್ತು. ಅಂಬೇಡ್ಕರ್ ಅಷ್ಟರಲ್ಲಿ ಬೇರೆ ದಾರಿ ಹಿಡಿದಿದ್ದರು. 1935ರಲ್ಲಿ ಯೇವಲೆಯಲ್ಲಿ, ತಾನು ಹಿಂದೂವಾಗಿ ಸಾಯುವುದಿಲ್ಲ ಎಂದು ಘೋಷಿಸಿಬಿಟ್ಟಿದ್ದರು. ಚೆನ್ನಾಗಿ ಸ್ಪಿನ್ ಮಾಡಿದವನಿಗಷ್ಟೇ ಬಾಗಿಲು ತೆರೆಯುವುದಾದರೆ ಉಳಿದವರ ಗತಿಯೇನು ಎಂಬುದಕ್ಕೆ ಬಾಲೂ ಅವರ ದಾರಿಯಲ್ಲಿ ಉತ್ತರವಿರಲಿಲ್ಲ.

ಕಾಂಗ್ರೆಸ್ಸಿಗೆ ಅವರೇ ಬೇಕಾದದ್ದು ಆದರ್ಶಕ್ಕಷ್ಟೇ ಅಲ್ಲ. ಮನೆಮಾತಾದ ಹೆಸರು, ಜೊತೆಗೆ ಜಾತಿ ಲೆಕ್ಕ: ಅಂಬೇಡ್ಕರ್ ಮಹಾರ್, ಬಾಲೂ ಚಮ್ಮಾರ. ದಲಿತ ಮತಗಳನ್ನು ಒಡೆಯಲು ಇದಕ್ಕಿಂತ ಒಳ್ಳೆಯ ಅಭ್ಯರ್ಥಿ ಸಿಗುತ್ತಿರಲಿಲ್ಲ.

ಇನ್ನೊಂದು ಸಂಗತಿ ಸಾಮಾನ್ಯವಾಗಿ ಈ ಕತೆಯಿಂದ ಬಿಟ್ಟುಹೋಗುತ್ತದೆ. ಅವರಿಬ್ಬರೂ ಸೆಣಸಿದ್ದು ದಲಿತರ ಮೀಸಲು ಸ್ಥಾನಕ್ಕೆ; ಅದು 1932ರ ಪೂನಾ ಒಪ್ಪಂದದ, ಅಂದರೆ ದಲಿತರಿಗೆ ಪ್ರತ್ಯೇಕ ಮತಕ್ಷೇತ್ರದ ಬದಲು ಮೀಸಲು ಸ್ಥಾನ ಕೊಟ್ಟ ಒಪ್ಪಂದದ ಫಲ. ಆ ಒಪ್ಪಂದಕ್ಕೆ ಸಹಿ ಹಾಕಿದವರ ಪಟ್ಟಿಯಲ್ಲಿ ಅಂಬೇಡ್ಕರ್ ಹೆಸರೂ ಇದೆ, ಬಾಲೂ ಹೆಸರೂ ಇದೆ.