ಪುನರ್ವಸು ಮಳೆಗೆ ಗುಡುಗು ಯಾಕಿಲ್ಲ?

ಪ್ರಶ್ನೆ: ನಮ್ಮದು ಮಂಡ್ಯದ ಹತ್ತಿರ ಒಂದು ಹಳ್ಳಿ. ಭರಣಿ ಮಳೆ ಬಂದರೆ ಗುಡುಗು, ಸಿಡಿಲಿನ ಆರ್ಭಟ. ಜುಲೈನಲ್ಲಿ ಮಳೆಗಾಲ ಜೋರಾಗಿರಬೇಕು, ಆದರೆ ಗುಡುಗೇ ಕೇಳುವುದಿಲ್ಲ. ಯಾಕೆ?

ಉತ್ತರ: ಮೋಡ ಕವಿದ ಮಾತ್ರಕ್ಕೆ ಗುಡುಗು ಬರುವುದಿಲ್ಲ. ಮೋಡ ಎತ್ತರಕ್ಕೆ ಬೆಳೆಯಬೇಕು.

ಏಪ್ರಿಲ್ ಕೊನೆಯ ಒಂದು ಮಧ್ಯಾಹ್ನ ನೆನಪು ಮಾಡಿಕೊಳ್ಳಿ. ಎಳ್ಳು ಬಿತ್ತಲು ಉತ್ತ ಹೊಲದಲ್ಲಿ ಬರಿಗಾಲು ಇಡೋಕಾಗಲ್ಲ, ಮಣ್ಣು ಅಷ್ಟು ಕಾದಿರುತ್ತದೆ. ಮೈಯೆಲ್ಲ ಬೆವರು, ಅಂಟಂಟು. ಸಮುದ್ರದ ಕಡೆಯಿಂದ ಬಂದ ತೇವ ಗಾಳಿಯಲ್ಲಿ ಸೇರಿರುತ್ತದೆ, ಅದಕ್ಕೇ ಈ ಸೆಕೆ. ಕಾದ ಗಾಳಿ ಹಗುರಾಗಿ ಆ ತೇವವನ್ನೂ ಹೊತ್ತು ಮೇಲೇರುತ್ತದೆ. ಮೇಲೆ ತಣ್ಣಗಾಗಿ ಆವಿ ಹನಿಯಾಗುತ್ತದೆ. ನನಗೆ ತುಂಬಾ ಇಷ್ಟವಾಗುವ ಸಂಗತಿ ಇಲ್ಲಿದೆ: ಆವಿ ಹನಿಯಾಗುವಾಗ ಶಾಖ ಬಿಡುತ್ತದೆ, ಆ ಶಾಖ ಗಾಳಿಯನ್ನು ಇನ್ನಷ್ಟು ಮೇಲಕ್ಕೆ ನೂಕುತ್ತದೆ. ಮೂರು ಗಂಟೆಗೆ ಚಾಮುಂಡಿ ಬೆಟ್ಟದ ಆಚೆ ಹೂಕೋಸಿನ ಹಾಗೆ ಕಂಡ ಮೋಡ ಸಂಜೆಯೊಳಗೆ 12 ಕಿ.ಮೀ. ಎತ್ತರ ದಾಟಬಹುದು.

ಸುಮಾರು 5 ಕಿ.ಮೀ. ಮೇಲೆ ನೀರು ಹೆಪ್ಪುಗಟ್ಟುವ ಚಳಿ. ಅಲ್ಲಿ ಮಂಜಿನ ಹರಳುಗಳೂ ಪುಟಾಣಿ ಆಲಿಕಲ್ಲುಗಳೂ ಒಂದಕ್ಕೊಂದು ಬಡಿಯುತ್ತವೆ. ಹಗುರವಾದ ಹರಳು ಪ್ಲಸ್ ಚಾರ್ಜ್ ಹೊತ್ತು ಮೇಲಕ್ಕೆ ಹೋಗುತ್ತದೆ. ಭಾರದ ಚೂರು ಮೈನಸ್ ಚಾರ್ಜ್ ಹಿಡಿದು ಕೆಳಗೆ ಉಳಿಯುತ್ತದೆ. ಇದು ಹೆಚ್ಚುತ್ತಾ ಹೋಗಿ, ತಡೆಯಲಾಗದೆ ಹರಿದರೆ ಮಿಂಚು. ಮಿಂಚಿನ ದಾರಿಯಲ್ಲಿರುವ ಗಾಳಿ ಕ್ಷಣಾರ್ಧದಲ್ಲಿ ಸುಮಾರು 30,000 ಡಿಗ್ರಿ ಸೆಲ್ಸಿಯಸ್‌ಗೆ ಕಾದು, ಸಿಡಿದು ಹಿಗ್ಗುತ್ತದೆ. ಆ ಸದ್ದೇ ಗುಡುಗು.

ಜುಲೈನಲ್ಲಿ ಇದಕ್ಕೆಲ್ಲ ಅವಕಾಶವೇ ಕಡಿಮೆ. ದಿನವಿಡೀ ಮೋಡ, ನೆಲ ಕಾಯುವುದಿಲ್ಲ. ಪಡುವಣ ಗಾಳಿ ಬಿರುಸಾಗಿ ಬೀಸಿದರೂ ಹೆಚ್ಚಿನ ನೀರನ್ನು ಪಶ್ಚಿಮ ಘಟ್ಟದಲ್ಲೇ ಸುರಿಸಿ ಬರುತ್ತದೆ. ಕೊಡಗಿನಲ್ಲಿ ಸುರಿದ ಮಳೆಗೆ ಕೆಆರ್‌ಎಸ್ ತುಂಬುತ್ತಾ ಇರುತ್ತದೆ, ಅದೇ ದಿನ ಮಂಡ್ಯದಲ್ಲಿ ಬಟ್ಟೆ ಒಣಗದಷ್ಟು ಸೋನೆ, ಅಷ್ಟೇ. ನಮ್ಮ ಮೇಲಿನ ಮೋಡ ತೆಳ್ಳಗೆ, ತಗ್ಗಿನಲ್ಲಿ ಹರಡಿರುತ್ತದೆ. ಮಂಜು ಕಟ್ಟುವ ಎತ್ತರಕ್ಕೆ ಅದು ಹೋಗುವುದೇ ಅಪರೂಪ.

ಸೆಪ್ಟೆಂಬರ್ ಕೊನೆಗೆ ಪಡುವಣ ಗಾಳಿ ಸೋಲುತ್ತದೆ, ಬಿಸಿಲು ಮತ್ತೆ ಚುರುಕಾಗುತ್ತದೆ. ಹಸ್ತ, ಚಿತ್ತ ಮಳೆಗಳಲ್ಲಿ, ಅಂದರೆ ದಸರಾ ಹೊತ್ತಿಗೆ, ಗುಡುಗು ವಾಪಸ್. ಆಗ ಹೊಲದಲ್ಲಿ ಕೆಲಸ ಜಾಸ್ತಿ ಅಲ್ವಾ? ಗುಡುಗು ಕಿವಿಗೆ ಬಿತ್ತು ಅಂದರೆ ಸಿಡಿಲು ನಿಮ್ಮನ್ನೂ ಮುಟ್ಟುವಷ್ಟು ಹತ್ತಿರ ಇದೆ. ದಯವಿಟ್ಟು ಹುಣಸೆ ಮರದ ಕೆಳಗೆ ನಿಲ್ಲಬೇಡಿ, ಮನೆಯೊಳಗೆ ಹೋಗಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆದ ಮೇಲೆ ಹೊರಗೆ ಬನ್ನಿ.