ಜಾಗ ಹುಡುಕುವ ಹೇಂಟೆ

ಮನೆಯಲ್ಲಿ ಕೋಳಿ ಸಾಕಿದವರು ಇದನ್ನು ನೋಡಿಯೇ ಇರುತ್ತಾರೆ. ಮೊಟ್ಟೆ ಇಡುವ ಹೊತ್ತು ಹತ್ತಿರ ಬಂದರೆ ಹೇಂಟೆ ಒಂದು ಕಡೆ ನಿಲ್ಲುವುದಿಲ್ಲ. ಎಳೆದ ದನಿಯಲ್ಲಿ ಕೊರಗುಟ್ಟುತ್ತಾ ಮನೆಯೆಲ್ಲ ಸುತ್ತುತ್ತದೆ. ಸೌದೆ ಒಟ್ಟಿದ ಮೂಲೆ ನೋಡುತ್ತದೆ, ಮಂಚದ ಕೆಳಗೆ ನುಗ್ಗುತ್ತದೆ, ಬಣವೆಯ ಬುಡಕ್ಕೆ ಹೋಗಿ ವಾಪಸ್ ಬರುತ್ತದೆ. "ಜಾಗ ನೋಡ್ತಾ ಐತೆ, ಅದರ ತಂಟೆಗೆ ಹೋಗಬೇಡ್ರೋ" ಎಂದು ನಮ್ಮಜ್ಜಿ ಮಕ್ಕಳನ್ನೆಲ್ಲ ಗದರುತ್ತಿದ್ದರು. ಹಳೇ ಮಂಕರಿಗೆ ಒಣಹುಲ್ಲು ಹಾಕಿ ಕತ್ತಲ ಮೂಲೆಯಲ್ಲಿ ಇಡುತ್ತಿದ್ದರು. ಕೋಳಿ ಅದರೊಳಗೆ ಇಳಿದು, ಎದೆಯಿಂದ ಹುಲ್ಲನ್ನು ಒತ್ತಿ ತಗ್ಗು ಮಾಡಿಕೊಂಡು, ಬಹಳ ಹೊತ್ತು ಅಲ್ಲಾಡದೆ ಕೂರುತ್ತಿತ್ತು. ಆಮೇಲೆ ಎದ್ದು ಬಂದು ಓಣಿಗೆಲ್ಲ ಕೇಳುವ ಹಾಗೆ ಕೂಗುತ್ತಿತ್ತು.

ಎಷ್ಟೋ ವರ್ಷಗಳ ನಂತರ ನಾನೊಂದು ಲೇಯರ್ ಫಾರಂ, ಅಂದರೆ ಮೊಟ್ಟೆಗೆಂದೇ ಕೋಳಿ ಸಾಕುವ ಫಾರಂ ಒಳಗೆ ಹೋಗಿದ್ದೆ. ಉದ್ದನೆಯ ಶೆಡ್, ಸಾಲು ಸಾಲು ತಂತಿ ಪಂಜರಗಳು. ಇಟ್ಟ ಮೊಟ್ಟೆ ತಾನಾಗಿ ಉರುಳಿ ಮುಂದಕ್ಕೆ ಬರಲಿ ಎಂದು ಪಂಜರದ ನೆಲ ಇಳಿಜಾರು. ಕೆಳಗೆ ಹಿಕ್ಕೆಯ ರಾಶಿ, ಕಣ್ಣು ಉರಿಸುವ ಅಮೋನಿಯಾ ವಾಸನೆ. ಒಂದು ಪಂಜರದಲ್ಲಿ ಒಂದು ಕೋಳಿ ಉಳಿದವುಗಳ ಮೈಮೇಲೆ ಕಾಲಿಟ್ಟು ಅತ್ತಿಂದಿತ್ತ ತಳ್ಳಾಡುತ್ತಿತ್ತು. ತಂತಿಯ ಸಂದಿಗೆ ತಲೆ ತೂರಿಸುತ್ತಿತ್ತು, ಹಿಂದೆ ಎಳೆದುಕೊಳ್ಳುತ್ತಿತ್ತು, ಮತ್ತೆ ತೂರಿಸುತ್ತಿತ್ತು. ದನಿ ಕೇಳಿದ ಕೂಡಲೇ ಗೊತ್ತಾಯಿತು. ಅದೇ ಎಳೆದ ದನಿ.

ಅಲ್ಲಿ ಕೆಲಸ ಮಾಡುತ್ತಿದ್ದ ಹುಡುಗನನ್ನು ಕೇಳಿದೆ. "ಅದಕ್ಕೇನು ಗೊತ್ತಾಗುತ್ತೆ ಸಾರ್? ಹೊರಗಿನ ಪ್ರಪಂಚಾನೇ ನೋಡಿಲ್ಲ" ಎಂದ. ಸುಮ್ಮನೆ ತಳ್ಳಿಹಾಕುವ ಮಾತಲ್ಲ ಅದು. ಕೋಳಿ ತಿನ್ನುವ, ಮೊಟ್ಟೆ ತಿನ್ನುವ ನಾವೆಲ್ಲ ಮನಸ್ಸಿನಲ್ಲಿ ಹೇಳಿಕೊಳ್ಳುವ ಮಾತೂ ಅದೇ. ಆದರೆ ಕೋಳಿಗೆ ಏನು ಗೊತ್ತಾಗುತ್ತದೆ ಎಂಬುದನ್ನು ಕೋಳಿಯನ್ನೇ ಕೇಳಲು ವಿಜ್ಞಾನಿಗಳು ಐವತ್ತು ವರ್ಷಗಳ ಹಿಂದೆಯೇ ದಾರಿ ಹುಡುಕಿದ್ದಾರೆ.

ಶುರುವಾಗಿದ್ದು ಒಂದು ತಪ್ಪಿನಿಂದ. 1965ರಲ್ಲಿ ಬ್ರಿಟನ್ನಿನ ಬ್ರಾಂಬೆಲ್ ಸಮಿತಿ ಸಾಕುಪ್ರಾಣಿಗಳ ಸ್ಥಿತಿಗತಿಯ ಬಗ್ಗೆ ವರದಿ ಕೊಟ್ಟಿತು. ಎದ್ದು ನಿಲ್ಲಲು, ಮಲಗಲು, ತಿರುಗಲು, ಮೈ ಚೊಕ್ಕ ಮಾಡಿಕೊಳ್ಳಲು, ಕೈಕಾಲು ಚಾಚಲು ಪ್ರತಿ ಪ್ರಾಣಿಗೂ ಜಾಗ ಬೇಕು ಎಂದಿತು. ಒಳ್ಳೆಯ ಮಾತು. ಜೊತೆಗೆ, ಪಂಜರದ ನೆಲಕ್ಕೆ ತೆಳು ತಂತಿಯ ಬಲೆ ಹಾಕಬೇಡಿ, ಕೋಳಿಯ ಪಾದಕ್ಕೆ ಅದು ಹಿತವಲ್ಲ ಎಂದೂ ಹೇಳಿತು. 1973ರಲ್ಲಿ ಹ್ಯೂಸ್ ಮತ್ತು ಬ್ಲ್ಯಾಕ್ ಎಂಬ ಇಬ್ಬರು ಸಂಶೋಧಕರು ಬೇರೆ ಬೇರೆ ನೆಲಗಳನ್ನು ಕೋಳಿಗಳ ಮುಂದಿಟ್ಟು, ಯಾವುದು ಬೇಕೋ ಆರಿಸಿಕೊಳ್ಳಿ ಎಂದು ಬಿಟ್ಟರು. ಕೋಳಿಗಳು ಸಮಿತಿ ಬೇಡವೆಂದ ತೆಳು ಬಲೆಯನ್ನೇ ಆರಿಸಿಕೊಂಡವು! ಪಾದಕ್ಕೆ ಹೆಚ್ಚು ಕಡೆ ಆಸರೆ ಸಿಗುತ್ತಿದ್ದುದು ಅದರಲ್ಲೇ. ಕೋಳಿಯ ಪರವಾಗಿ ಮಾತಾಡಿದ ದೊಡ್ಡವರು ಕೋಳಿಯನ್ನು ಕೇಳಿರಲಿಲ್ಲ. ಈ ಕಥೆ ನನಗೆ ಬಹಳ ಇಷ್ಟ. ಕರುಣೆ ಒಂದಿದ್ದರೆ ಸಾಲದು, ಕೇಳಿ ತಿಳಿಯುವ ತಾಳ್ಮೆಯೂ ಬೇಕು ಅಲ್ವಾ?

ಆಮೇಲೆ ಕೇಳುವುದು ಹೆಚ್ಚಾಯಿತು. ಆಕ್ಸ್‌ಫರ್ಡಿನ ಮೇರಿಯನ್ ಡಾಕಿನ್ಸ್ ಕೋಳಿಗಳಿಗೆ ಎರಡು ದಾರಿ ಕೊಟ್ಟರು, ಒಂದು ಪಂಜರಕ್ಕೆ, ಇನ್ನೊಂದು ಹುಲ್ಲಿನ ಬಯಲಿಗೆ. ಪಂಜರದಲ್ಲೇ ಇದ್ದ ಕೋಳಿಗಳು ಮೊದಮೊದಲು ಪಂಜರದ ಕಡೆಗೇ ನಡೆದವು. ಫಾರಂ ಹುಡುಗ ಹೇಳಿದ್ದು ಅಷ್ಟರ ಮಟ್ಟಿಗೆ ನಿಜ. ಆದರೆ ಬಯಲಿನ ರುಚಿ ಹತ್ತಿದ ಮೇಲೆ ಅವೇ ಕೋಳಿಗಳು ಬಯಲನ್ನು ಆರಿಸಿಕೊಂಡವು. ಹೊರಗಿನ ಪ್ರಪಂಚ ನೋಡಿಲ್ಲ ಎಂದ ಮಾತ್ರಕ್ಕೆ ಬೇಡ ಎಂದಲ್ಲ.

ಇನ್ನೊಂದು ಪ್ರಯೋಗ ನನ್ನನ್ನು ಜಾಸ್ತಿ ಕಾಡುತ್ತದೆ. ಗೂಡಿಗೆ ಹೋಗುವ ದಾರಿಯಲ್ಲಿ ಬಾಗಿಲಿಟ್ಟು, ಅದನ್ನು ತಳ್ಳಲು ಎಷ್ಟು ಬಲ ಹಾಕುತ್ತವೆ ಎಂದು ಅಳೆದರು. ಗಂಟೆಗಟ್ಟಲೆ ಹಸಿದ ಕೋಳಿ ಕಾಳಿಗಾಗಿ ಎಷ್ಟು ಕಷ್ಟಪಡುತ್ತದೋ, ಮೊಟ್ಟೆ ಇಡುವ ಹೊತ್ತು ಬಂದ ಕೋಳಿ ಗೂಡಿಗಾಗಿ ಅಷ್ಟು, ಕೊನೆಕೊನೆಗೆ ಅದಕ್ಕಿಂತಲೂ ಹೆಚ್ಚು ಕಷ್ಟಪಟ್ಟಿತು. ಗೂಡು ಅದಕ್ಕೆ ಹಸಿವಿನಷ್ಟೇ ದೊಡ್ಡದು. ಮೊಟ್ಟೆಗೆಂದೇ ಸಾಕುವ ಪಂಜರದಲ್ಲಿ ಇಲ್ಲದಿರುವುದೂ ಅದೇ.

ಜಾಗದ ಲೆಕ್ಕವನ್ನೂ ನೋಡಿ. ಫಾರಂನ ಈ ಸಾಲು ತಂತಿ ಪಂಜರಕ್ಕೆ ಬ್ಯಾಟರಿ ಪಂಜರ ಎನ್ನುತ್ತಾರೆ. ಅದರಲ್ಲಿ ಒಂದು ಕೋಳಿಯ ಪಾಲಿಗೆ ಬರುವುದು ಸುಮಾರು 450 ಚದರ ಸೆಂಟಿಮೀಟರ್. ಜೆರಾಕ್ಸ್ ಅಂಗಡಿಯ ಎ4 ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಒಂದು ಪಾಲು ಹರಿದು ತೆಗೆದರೆ ಉಳಿಯುವಷ್ಟು. 1989ರಲ್ಲಿ ಡಾಕಿನ್ಸ್ ಮತ್ತು ಹಾರ್ಡಿ ಕಂದು ತಳಿಯ ಕೋಳಿಗಳನ್ನು ಮೇಲಿನಿಂದ ಅಳೆದರು. ಸುಮ್ಮನೆ ನಿಲ್ಲಲು 475, ಒಂದು ಸುತ್ತು ತಿರುಗಲು ಸುಮಾರು 1,270, ರೆಕ್ಕೆ ಬಡಿಯಲು 1,800ಕ್ಕೂ ಹೆಚ್ಚು ಚದರ ಸೆಂಟಿಮೀಟರ್ ಬೇಕು. ನಮ್ಮ ಬಿಳಿ ಲೇಯರ್ ಕೋಳಿ ಸ್ವಲ್ಪ ಸಣ್ಣದು, ನಿಜ. ಆದರೂ ರೆಕ್ಕೆ ಬಿಚ್ಚುವ ಮಾತೇ ಇಲ್ಲ. ಮಣ್ಣೇ ಇಲ್ಲದ ತಂತಿಯ ಮೇಲೆ ಕೂತು ಕೋಳಿ ಧೂಳಲ್ಲಿ ಹೊರಳುವಂತೆ ಹೊರಳುತ್ತದೆ. ಪುಕ್ಕ ಕೆದರಿಕೊಳ್ಳುತ್ತದೆ, ಕಾಲು ಕೆರೆಯುತ್ತದೆ, ಇಲ್ಲದ ಮಣ್ಣನ್ನು ಮೈಮೇಲೆ ಎಳೆದುಕೊಳ್ಳುತ್ತದೆ.

ಅದರ ಮೈಯೊಳಗೆ ನಡೆಯುವುದೂ ಕಡಿಮೆಯದಲ್ಲ. ಕೋಳಿಯ ಪೂರ್ವಿಕ ಕಾಡುಕೋಳಿ ವರ್ಷಕ್ಕೆ ಹತ್ತು ಹದಿನೈದು ಮೊಟ್ಟೆ ಇಡುತ್ತದೆ. ಲೇಯರ್ ತಳಿ 300ಕ್ಕೂ ಹೆಚ್ಚು. ಒಂದು ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಕೋಳಿಯ ಇಡೀ ಮೂಳೆಗೂಡಿನಲ್ಲಿ ಇರುವುದೇ ಇಪ್ಪತ್ತು ಚಿಲ್ಲರೆ ಗ್ರಾಂ. ಆಹಾರದಲ್ಲಿ ಸುಣ್ಣದ ಅಂಶ ಬೆರೆಸಿಯೇ ಕೊಡುತ್ತಾರೆ. ಆದರೆ ಚಿಪ್ಪು ಕಟ್ಟುವ ಕೆಲಸ ಹೆಚ್ಚಾಗಿ ನಡೆಯುವುದು ರಾತ್ರಿ. ಆಗ ಹೊಟ್ಟೆ ಖಾಲಿಯಾಗುತ್ತಾ ಬರುತ್ತದೆ, ಒಂದಷ್ಟು ಸುಣ್ಣ ಮೂಳೆಯಿಂದ ಕರಗಿ ಬರುತ್ತದೆ. ದಿನಾ ಹೀಗೆ ಕರಗಿ ಮೂಳೆ ಟೊಳ್ಳಾಗುತ್ತದೆ. ಪಂಜರ ತೆಗೆದುಬಿಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುವಂತಿಲ್ಲ. ಬಿಟ್ಟು ಸಾಕಿದ ಫಾರಂಗಳಲ್ಲೂ ಎದೆಮೂಳೆ ಮುರಿದ ಕೋಳಿಗಳು ಬಹಳ. ತಳಿಯಲ್ಲೇ ಕೂತುಬಿಟ್ಟ ನೋವು ಅದು.

ಜಾತ್ರೆಯಲ್ಲಿ ಗುಲಾಬಿ, ಹಸಿರು ಬಣ್ಣ ಬಳಿದ ಕೋಳಿಮರಿ ಕೊಂಡವರು ಎಷ್ಟೋ ಜನ. ನಾನೂ ಕೊಂಡಿದ್ದೆ, ಮೂರನೇ ದಿನಕ್ಕೆ ಸತ್ತಿತ್ತು. ಅವು ಹೆಚ್ಚಾಗಿ ಲೇಯರ್ ತಳಿಯ ಹುಂಜದ ಮರಿಗಳು ಎಂದು ತಿಳಿದದ್ದು ದೊಡ್ಡವನಾದ ಮೇಲೆ. ಅವು ಮೊಟ್ಟೆ ಇಡುವುದಿಲ್ಲ, ಮಾಂಸಕ್ಕೆ ಬೇಗ ಬೆಳೆಯುವುದೂ ಇಲ್ಲ. ಹಾಗಾಗಿ ಮೊಟ್ಟೆಯೊಡೆದ ದಿನವೇ ಬೇರೆ ಮಾಡಿ ಕೊಲ್ಲುತ್ತಾರೆ. ಜಗತ್ತಿನಾದ್ಯಂತ ವರ್ಷಕ್ಕೆ ಸುಮಾರು 700 ಕೋಟಿ ಮರಿಗಳು ಎಂಬ ಅಂದಾಜಿದೆ. ಜರ್ಮನಿ 2022ರಿಂದ ಇದನ್ನು ನಿಷೇಧಿಸಿತು. ಮರಿ ಹೆಣ್ಣೋ ಗಂಡೋ ಎಂದು ಮೊಟ್ಟೆಯೊಳಗೇ ತಿಳಿಯುವ ಯಂತ್ರಗಳು ಅಲ್ಲಿ ಬಂದಿವೆ.

ಐರೋಪ್ಯ ಒಕ್ಕೂಟದಲ್ಲಿ ಹಳೇ ಥರದ ಬ್ಯಾಟರಿ ಪಂಜರ 2012ರಿಂದ ಇಲ್ಲ. ಅಲ್ಲಿ ಮೊಟ್ಟೆಯ ಮೇಲೆ ಒಂದು ಅಂಕಿ ಅಚ್ಚಾಗಿರುತ್ತದೆ. 3 ಎಂದರೆ ಪಂಜರದ್ದು (ಸುಧಾರಿಸಿದ ಪಂಜರಗಳು ಅಲ್ಲಿ ಇನ್ನೂ ಇವೆ), 1 ಎಂದರೆ ಬಯಲಲ್ಲಿ ಬಿಟ್ಟು ಸಾಕಿದ್ದು. ನಮ್ಮಲ್ಲೂ ಕಾನೂನು ಇಲ್ಲದಿಲ್ಲ. ಓಡಾಡಲು ಸಾಕಷ್ಟು ಜಾಗವಿಲ್ಲದ ಪಂಜರದಲ್ಲಿ ಪ್ರಾಣಿಯನ್ನು ಇಡುವುದು ಕ್ರೌರ್ಯ ಎಂದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯೇ ಹೇಳುತ್ತದೆ. 2017ರಲ್ಲಿ ಕಾನೂನು ಆಯೋಗ ಕೋಳಿ ಸಾಕಣೆಯ ಬಗ್ಗೆಯೇ ಒಂದು ವರದಿ ಕೊಟ್ಟಿದೆ. ಅಂಗಡಿಯ ಟ್ರೇಯಲ್ಲಿರುವ ಮೊಟ್ಟೆಯ ಮೇಲೆ ಮಾತ್ರ ಯಾವ ಅಂಕಿಯೂ ಇಲ್ಲ.

ಹಾಗಾದರೆ ಮೊಟ್ಟೆ ಬಿಟ್ಟುಬಿಡಬೇಕಾ? ಬಿಡುವವರ ಬಗ್ಗೆ ನನಗೆ ಗೌರವವಿದೆ. ಆದರೆ 2021ರ ಕೊನೆಗೆ ಬೀದರ್, ಕಲಬುರಗಿ, ರಾಯಚೂರು, ಯಾದಗಿರಿ ಕಡೆಯ ಶಾಲೆಗಳ ಬಿಸಿಯೂಟಕ್ಕೆ ಮೊಟ್ಟೆ ಬಂದಾಗ ಸಂತೋಷಪಟ್ಟವನು ನಾನು. ಅನ್ನ ಸಾರಿನಲ್ಲೇ ದಿನ ಕಳೆಯುವ ಮಗುವಿಗೆ ಒಂದು ಬೇಯಿಸಿದ ಮೊಟ್ಟೆ ಸಣ್ಣದಲ್ಲ. ಅದು ಅಗ್ಗವಾಗಿ ಸಿಗುವುದು ಪಂಜರದಿಂದಲೇ ಎನ್ನುವುದೂ ಸುಳ್ಳಲ್ಲ. ಕೋಳಿಯ ಋಣವನ್ನು ಆ ಮಗುವಿನ ತಟ್ಟೆಯಿಂದ ತೀರಿಸಬೇಕು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ತೀರಿಸಬೇಕಾದವರು ಮೊದಲು ನಾವು. ಬೆಳಿಗ್ಗೆ ಆಮ್ಲೆಟ್, ಸಂಜೆ ಎಗ್‌ರೈಸ್, ನಡುವೆ ಬೇಕರಿಯ ಎಗ್‌ಪಫ್, ಕೇಕು. ಇದರಲ್ಲಿ ಅರ್ಧ ಬಿಟ್ಟರೂ ನಮಗೇನೂ ಆಗುವುದಿಲ್ಲ. ಉಳಿದರ್ಧಕ್ಕೆ ಒಂದೆರಡು ರೂಪಾಯಿ ಜಾಸ್ತಿ ಕೊಡಬಹುದು. ಇದು ಎಲ್ಲಿಯ ಮೊಟ್ಟೆ ಎಂದು ಅಂಗಡಿಯಲ್ಲಿ ಕೇಳಬಹುದು, ಅಂಕಿ ಅಚ್ಚು ಹಾಕಿಸಿ ಎಂದು ಸರ್ಕಾರವನ್ನು ಕೇಳಬಹುದು.

ನಾನೀಗ ಮೊಟ್ಟೆ ತರುವುದು ನಮ್ಮ ಬಡಾವಣೆಯ ಆಚೆ, ಕೆರೆಯ ಹಿಂದಿನ ಮನೆಯ ಒಬ್ಬ ಅಕ್ಕನ ಹತ್ತಿರ. ಏಳೆಂಟು ಗಿರಿರಾಜ, ಎರಡು ನಾಟಿ ಕೋಳಿ ಸಾಕಿದ್ದಾರೆ. ವಾರಕ್ಕೆ ಆರು ಸಿಕ್ಕರೆ ಹೆಚ್ಚು. ಹೋದ ಭಾನುವಾರ ಬರಿಗೈಲಿ ವಾಪಸ್ ಬಂದೆ. "ಆ ಕೆಂಪಿ ಮೂರು ದಿನದಿಂದ ಮಂಕರಿಗೆ ಬರ್ತಾನೇ ಇಲ್ಲ ಕಣಪ್ಪ" ಎಂದರು ಅಕ್ಕ, ಲಾಂಟಾನ ಪೊದೆಯ ಕಡೆ ಕೈ ತೋರಿಸುತ್ತಾ. "ಅಲ್ಲೆಲ್ಲೋ ಅದಕ್ಕಿಂತ ಒಳ್ಳೇ ಜಾಗ ಸಿಕ್ಕಿರಬೇಕು."