ಖಳನಿಗೆ ಕೇಳಿಸಿದ ನಗು

ಬೇಸಿಗೆ ಬಂತೆಂದರೆ ತುಮಕೂರು ಜಿಲ್ಲೆಯ ನಮ್ಮ ತಿಪಟೂರು ಸೀಮೆಯಲ್ಲಿ ನಾಟಕದ ಹುರುಪು ಹತ್ತುತ್ತದೆ. ರಾತ್ರಿ ಊಟ ಮುಗಿಸಿ ಎಲ್ಲರೂ ದೇವಸ್ಥಾನದ ಅಂಗಳದಲ್ಲಿ ಸೇರುತ್ತಾರೆ, ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿಯುತ್ತಾರೆ, ತಾಲೀಮು ಶುರುವಾಗುತ್ತದೆ. ಪಾತ್ರ ಕಟ್ಟುವವರೇ ಸೀನರಿಗೆ, ವೇಷಭೂಷಣಕ್ಕೆ, ಮೇಷ್ಟ್ರ ಸಂಭಾವನೆಗೆ ಹಣ ಹಾಕಬೇಕು. ಆ ಹಣ ಎಲ್ಲ ಪಾತ್ರಗಳಿಗೂ ಒಂದೇ ಅಲ್ಲ. ನಮ್ಮೂರಿನ ಲೆಕ್ಕದಲ್ಲಿ ಧರ್ಮರಾಯನಿಗಿಂತ ದುರ್ಯೋಧನ ದುಬಾರಿ. ಧರ್ಮರಾಯನಾಗಲು ಯಾರನ್ನಾದರೂ ಹಿಡಿದು ಒಪ್ಪಿಸಬೇಕು, ದುರ್ಯೋಧನನಾಗಲು ಮೂರು ಜನ ಪೈಪೋಟಿಗೆ ನಿಲ್ಲುತ್ತಾರೆ. ಈ ಸಲ ಆ ಪಾತ್ರ ಹಿಡಿದವರು ಕೊಬ್ಬರಿ ಮಂಡಿಯಲ್ಲಿ ತೂಕ ಹಾಕುವ ಹಿರಿಯರೊಬ್ಬರು. ಹಗಲೆಲ್ಲ ಚೀಲ ಎತ್ತಿ ಇಳಿಸಿದ ಭುಜದ ಮೇಲೆ ರಾತ್ರಿ ಗದೆ ಇಟ್ಟುಕೊಂಡು ಬರುತ್ತಾರೆ.

ಅಂಗಳದ ಮೂಲೆಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ರಜೆಗೆಂದು ಬಂದಿದ್ದ ನನ್ನ ಅಕ್ಕನ ಮಗ ಕಾಮಿಕ್ಸ್ ಓದುತ್ತಾ ಕುಳಿತಿದ್ದ. ಪುಸ್ತಕದಲ್ಲಿ ಬೆರಳಿಟ್ಟು ಮಡಿಸಿ ಕೇಳಿದ: “ಮಾವ, ತಲೆಗೂದಲು ಉದುರಿದ್ದಕ್ಕೆ ಇಷ್ಟೊಂದು ದ್ವೇಷವೇ?”

ಅವನು ಕೇಳಿದ್ದು ಸೂಪರ್‌ಮ್ಯಾನನ ವೈರಿ ಲೆಕ್ಸ್ ಲೂಥರನ ವಿಚಾರ. 1940ರಲ್ಲಿ ಮೊದಲ ಸಲ ಕಾಣಿಸಿಕೊಂಡಾಗ ಲೂಥರನಿಗೆ ತಲೆತುಂಬ ಕೆಂಪು ಕೂದಲಿತ್ತು, ದ್ವೇಷಕ್ಕೆ ಕಾರಣವೇನೂ ಇರಲಿಲ್ಲ. ಲೋಕವನ್ನು ಆಳಬೇಕು, ಅಷ್ಟೇ ಅವನ ಆಸೆ. ಕಾರಣ ಸಿಕ್ಕಿದ್ದು 1960ರ ಒಂದು ಕಥೆಯಲ್ಲಿ. ಅದರಲ್ಲಿ ಹುಡುಗ ಲೂಥರ್ ಮತ್ತು ಹುಡುಗ ಸೂಪರ್‌ಮ್ಯಾನ್ ಒಂದೇ ಊರಿನ ಗೆಳೆಯರು. ಲೂಥರ್ ಒಮ್ಮೆ ಗೆಳೆಯನ ಜೀವ ಉಳಿಸುತ್ತಾನೆ. ಆ ಋಣಕ್ಕೆ ಗೆಳೆಯ ಅವನಿಗೊಂದು ಪ್ರಯೋಗಶಾಲೆ ಕಟ್ಟಿಕೊಡುತ್ತಾನೆ. ಅಲ್ಲಿ ಲೂಥರ್ ಜೀವವಸ್ತುವನ್ನೇ ಸೃಷ್ಟಿಸುತ್ತಾನೆ. ಒಂದು ದಿನ ಬೆಂಕಿ ಬೀಳುತ್ತದೆ. ಸೂಪರ್‌ಬಾಯ್ ಓಡಿ ಬಂದು ಊದಿ ಆರಿಸುತ್ತಾನೆ. ಆ ಗಾಳಿಯ ಹೊಡೆತಕ್ಕೆ ರಾಸಾಯನಿಕಗಳು ಚೆಲ್ಲಿ, ಹೊಗೆ ತಗುಲಿ ಲೂಥರನ ತಲೆ ಬೋಳಾಗುತ್ತದೆ, ಅವನು ಸೃಷ್ಟಿಸಿದ್ದೆಲ್ಲ ಹಾಳಾಗುತ್ತದೆ. ಪ್ರಾಣ ಉಳಿಸಿದವನ ಎದುರು ನಿಂತು ಲೂಥರ್ ಹೇಳುವುದು ಒಂದೇ ಮಾತು: ನೀನು ಹೊಟ್ಟೆಕಿಚ್ಚಿನಿಂದ ಬೇಕೆಂದೇ ಹೀಗೆ ಮಾಡಿದೆ.

ಆದ್ದರಿಂದ ಹುಡುಗನಿಗೆ ಹೇಳಿದೆ: ದ್ವೇಷ ಹುಟ್ಟಿದ್ದು ಕೂದಲಿನಿಂದಲ್ಲ, ‘ಬೇಕೆಂದೇ’ ಎಂಬ ಆ ಒಂದು ಮಾತಿನಿಂದ.

ಮನೋವಿಜ್ಞಾನಿಗಳು ಈ ‘ಬೇಕೆಂದೇ’ಯನ್ನು ಪ್ರಯೋಗಕ್ಕೆ ಒಡ್ಡಿದ್ದಾರೆ. 1980ರಲ್ಲಿ ಅಮೆರಿಕದ ಕೆನೆತ್ ಡಾಜ್ ಶಾಲಾ ಹುಡುಗರಿಗೆ ಚಿತ್ರದ ತುಂಡುಗಳನ್ನು ಜೋಡಿಸುವ ಆಟ ಕೊಟ್ಟರು. ಕೆಲವರು ಮೊದಲೇ ಜಗಳಗಂಟರೆಂದು ಹೆಸರು ಪಡೆದವರು, ಉಳಿದವರು ಸಾಧು ಸ್ವಭಾವದವರು. ಅರ್ಧ ಜೋಡಿಸಿದ ಚಿತ್ರವನ್ನು ಇನ್ನೊಬ್ಬ ಹುಡುಗ ಕೆಡಿಸಿದನೆಂದು ಅವರಿಗೆ ತಿಳಿಯುವಂತೆ ಮಾಡಲಾಯಿತು. ಬೇಕೆಂದೇ ಕೆಡಿಸಿದನೆಂದು ಸ್ಪಷ್ಟವಾಗಿದ್ದಾಗ ಎರಡೂ ಗುಂಪಿನವರು ಸಿಟ್ಟಾದರು. ಕೈತಪ್ಪಿ ಆಯಿತೆಂದು ಸ್ಪಷ್ಟವಾಗಿದ್ದಾಗ ಎರಡೂ ಗುಂಪಿನವರು ತಡೆದುಕೊಂಡರು. ವ್ಯತ್ಯಾಸ ಕಂಡಿದ್ದು ಯಾವುದೂ ಸ್ಪಷ್ಟವಿಲ್ಲದ ನಡುವಿನ ಸ್ಥಿತಿಯಲ್ಲಿ. ಸಾಧು ಹುಡುಗರು ಅದನ್ನು ಆಕಸ್ಮಿಕವೆಂದು ಬಗೆದರೆ, ಜಗಳಗಂಟರು ಹಗೆಯೆಂದೇ ಬಗೆದು ಕೈ ಎತ್ತಿದರು. ಲೂಥರ್ ಇದ್ದದ್ದು ಆ ಎರಡನೆಯ ಸಾಲಿನಲ್ಲಿ. 1962ರಲ್ಲಿ ಬಂದ ಇನ್ನೊಬ್ಬ ಕಾಮಿಕ್ಸ್ ಖಳ, ಫೆಂಟಾಸ್ಟಿಕ್ ಫೋರ್ ತಂಡದ ವೈರಿ ಡಾಕ್ಟರ್ ಡೂಮ್ ಕೂಡ ಅಲ್ಲಿಯವನೇ. ನಿನ್ನ ಯಂತ್ರದ ಲೆಕ್ಕ ತಪ್ಪಿದೆ ಎಂದು ಸಹಪಾಠಿ ರೀಡ್ ರಿಚರ್ಡ್ಸ್ ಎಚ್ಚರಿಸಿದ್ದ. ಡೂಮ್ ಕೇಳಲಿಲ್ಲ. ಯಂತ್ರ ಸಿಡಿದು ಮುಖ ಸುಟ್ಟಾಗ, ಎಚ್ಚರಿಸಿದವನೇ ಕೆಡಿಸಿದನೆಂದು ಹಗೆ ಕಟ್ಟಿಕೊಂಡ.

ಇಲ್ಲಿಯವರೆಗೆ ಇದು ದುಡುಕಿನವರ ಕಥೆ, ನಮ್ಮದಲ್ಲ ಎನ್ನಿಸಬಹುದು. ಹಾಗೆಂದುಕೊಳ್ಳಲು ಬಿಡದ ಪ್ರಯೋಗವೊಂದಿದೆ. ನಾನು ಓದಿದ ವಿಜ್ಞಾನದಲ್ಲಿ ಇಷ್ಟು ಸರಳವಾಗಿ, ಇಷ್ಟು ಆಳವಾಗಿ ನಾಟಿದ್ದು ಇನ್ನೊಂದಿಲ್ಲ.

2003ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ವಿಜ್ಞಾನಿಗಳು ಇಬ್ಬಿಬ್ಬರನ್ನು ಎದುರುಬದುರು ಕೂರಿಸಿದರು. ಒಬ್ಬ ಬೆರಳು ಚಾಚಬೇಕು, ಇನ್ನೊಬ್ಬ ಪುಟ್ಟ ಸನ್ನೆಕೋಲೊಂದರ ಮೂಲಕ ಅದನ್ನು ಒತ್ತಬೇಕು. ಆಮೇಲೆ ಸರದಿ ಬದಲು. ಒತ್ತಿದ ಬಲವನ್ನು ಉಪಕರಣ ಅಳೆಯುತ್ತಿತ್ತು. ಇಬ್ಬರಿಗೂ ಕೊಟ್ಟ ಸೂಚನೆ ಒಂದೇ: ನಿಮ್ಮ ಬೆರಳಿಗೆ ಎಷ್ಟು ಬಲ ಬಿತ್ತೋ ಅಷ್ಟನ್ನೇ ಹಿಂತಿರುಗಿಸಿ, ಹೆಚ್ಚೂ ಬೇಡ, ಕಡಿಮೆಯೂ ಬೇಡ. ಎದುರಿನವರಿಗೆ ಏನು ಹೇಳಲಾಗಿದೆ ಎಂಬುದು ಯಾರಿಗೂ ತಿಳಿದಿರಲಿಲ್ಲ. ಕೆಲವೇ ಸರದಿಗಳಲ್ಲಿ ಬಲ ಏರುತ್ತಾ ಹೋಗಿ, ಹೂವಿನಂತೆ ಶುರುವಾದ ಒತ್ತು ಗುದ್ದಿನಂತಾಯಿತು. ಕೇಳಿದರೆ ಇಬ್ಬರೂ, ನಾನು ಪಡೆದಷ್ಟನ್ನೇ ಕೊಟ್ಟೆ, ಹೆಚ್ಚು ಮಾಡಿದವರು ಅವರು ಎನ್ನುವವರೇ.

ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ನಮ್ಮ ಕೈ ಏನಾದರೂ ಮಾಡುವ ಮೊದಲೇ ಮಿದುಳು ಅದರ ಅನುಭವವನ್ನು ಊಹಿಸಿ, ಅಷ್ಟನ್ನು ಲೆಕ್ಕದಿಂದ ಕಳೆದುಬಿಡುತ್ತದೆ. ನಮಗೆ ನಾವೇ ಕಚಗುಳಿ ಇಟ್ಟುಕೊಂಡರೆ ನಗು ಬಾರದಿರುವುದು ಇದೇ ಕಾರಣಕ್ಕೆ. ಹೊರಗಿನಿಂದ ಬಂದ ಒತ್ತು ಪೂರ್ತಿ ತೂಕದಲ್ಲಿ ತಾಗುತ್ತದೆ, ನಾವು ಕೊಟ್ಟ ಒತ್ತು ಮುರಿದ ತೂಕದಲ್ಲಿ. ಇನ್ನೊಂದು ಪರೀಕ್ಷೆಯಲ್ಲಿ ಬೆರಳಿನ ಬದಲು ಯಂತ್ರದ ಹಿಡಿಕೆ ಕೊಟ್ಟು, ಬಲವನ್ನು ಯಂತ್ರದ ಮೂಲಕ ಕೊಡಿ ಎಂದಾಗ ಲೆಕ್ಕ ಸರಿಯಾಗಿ ಬಂತು. ಅಂದರೆ ತಪ್ಪಿದ್ದು ಮನಸ್ಸಿನ ಕೆಟ್ಟತನದಲ್ಲಲ್ಲ, ತಕ್ಕಡಿಯಲ್ಲಿ. ಹೊಲದ ಬದುವಿನ ಜಗಳಗಳನ್ನು ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಗೇಣು ನೆಲದ ಮಾತು ಎರಡು ತಲೆಮಾರಿನ ಕೋರ್ಟು ಕೇಸಾಗುವಾಗ, ಎರಡೂ ಮನೆಯವರು ಪ್ರಾಮಾಣಿಕವಾಗಿ ನಂಬಿರುವುದು ನಾವು ಸಮಕ್ಕೆ ಸಮ ಮಾಡಿದೆವೆಂದೇ.

ಬೆರಳಿನ ಹಾಗೆಯೇ ನೆನಪು ಕೂಡ. ವ್ಯಾಸಭಾರತದ ಸಭಾಪರ್ವದಲ್ಲಿ ಮಯಸಭೆಯ ಪ್ರಸಂಗ ಎರಡು ಸಲ ಬರುತ್ತದೆ. ಮೊದಲನೆಯದು ಕವಿಯ ನಿರೂಪಣೆ. ನೆಲವೆಂದು ತಿಳಿದು ದುರ್ಯೋಧನ ಕೊಳಕ್ಕೆ ಬೀಳುತ್ತಾನೆ, ಪರಿಚಾರಕರು ನಗುತ್ತಾರೆ, ಭೀಮ, ಅರ್ಜುನ, ನಕುಲ ಸಹದೇವರು ನಗುತ್ತಾರೆ. ಧರ್ಮರಾಯನ ಅಪ್ಪಣೆಯಂತೆ ಅವನಿಗೆ ಒಣಬಟ್ಟೆ ತಂದು ಕೊಡುತ್ತಾರೆ. ಎರಡನೆಯದು ಹಸ್ತಿನಾಪುರಕ್ಕೆ ಮರಳಿದ ದುರ್ಯೋಧನ ತಂದೆಯ ಮುಂದೆ ಹೇಳಿಕೊಳ್ಳುವುದು. ಅಲ್ಲಿ ನಕ್ಕವರ ಪಟ್ಟಿಗೆ ಕೃಷ್ಣ ಸೇರುತ್ತಾನೆ, ಹೆಂಗಸರೊಂದಿಗೆ ದ್ರೌಪದಿಯೂ ಸೇರುತ್ತಾಳೆ. ಅವನು ಕಟ್ಟಿ ಹೇಳಿದನೋ ಅಥವಾ ಅವನಿಗೆ ನಿಜಕ್ಕೂ ಆ ನಗು ಕೇಳಿಸಿತ್ತೋ? ಕೇಳಿಸಿತ್ತೆಂದೇ ನನ್ನ ನಂಬಿಕೆ. 1990ರಲ್ಲಿ ಮನೋವಿಜ್ಞಾನಿ ರಾಯ್ ಬಾಮೈಸ್ಟರ್ ಮತ್ತು ಸಂಗಡಿಗರು ಒಬ್ಬೊಬ್ಬರಿಂದಲೂ ಎರಡೆರಡು ಕಥೆ ಬರೆಸಿದರು: ತನ್ನನ್ನು ಯಾರೋ ಕೆರಳಿಸಿದ್ದು, ತಾನು ಯಾರನ್ನೋ ಕೆರಳಿಸಿದ್ದು. ಬರೆದವರು ಅವರೇ ಆದರೂ ಕಥೆಗಳ ಚಹರೆ ಬೇರೆ ಬೇರೆಯಾಗಿತ್ತು. ನೊಂದವರಾಗಿ ಬರೆದಾಗ ಗಾಯ ಇಂದಿಗೂ ಹಸಿ, ಎದುರಿನವರ ನಡೆ ಅರ್ಥಹೀನ. ನೋಯಿಸಿದವರಾಗಿ ಬರೆದಾಗ ಕಾರಣಗಳಿವೆ, ಕ್ಷಮೆ ಕೇಳಿದ್ದಿದೆ, ಅದೆಲ್ಲ ಅಂದಿಗೇ ಮುಗಿದ ಮಾತು.

ಅಮೆರಿಕದ ಕಾಮಿಕ್ಸ್‌ನಲ್ಲಿ ಖಳರ ಒಳಮನಸ್ಸು ತಡವಾಗಿ ತೆರೆದುಕೊಂಡದ್ದಕ್ಕೆ ಒಂದು ಹೊರಗಿನ ಕಾರಣವೂ ಇತ್ತು. ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತದೆಂಬ ಕೂಗೆದ್ದು, 1954ರಲ್ಲಿ ಪ್ರಕಾಶಕರೇ ತಮಗೆ ತಾವು ನಿಯಮಾವಳಿ ಹಾಕಿಕೊಂಡರು. ಅಪರಾಧಿಯ ಮೇಲೆ ಓದುಗನಿಗೆ ಮರುಕ ಹುಟ್ಟಬಾರದು ಎಂಬುದು ಅದರಲ್ಲೊಂದು. ಲೂಥರ್, ಡೂಮ್ ಇಬ್ಬರಿಗೂ ಸಿಕ್ಕ ಕಾರಣ ತಪ್ಪು ತಿಳಿವಳಿಕೆಯೇ ಆದದ್ದು ಈ ಬೇಲಿಯೊಳಗಿದ್ದುದರಿಂದ ಎಂದು ನನಗೆ ಅನ್ನಿಸುತ್ತದೆ. 1971ರಲ್ಲಿ ನಿಯಮ ಸಡಿಲವಾಯಿತು. ಹತ್ತು ವರ್ಷದ ಬಳಿಕ ಮ್ಯಾಗ್ನೀಟೊನ ಬಾಯಿಂದ ಅವನ ಬಾಲ್ಯ ಹೊರಬಂತು.

ಮ್ಯಾಗ್ನೀಟೊ 1963ರಿಂದಲೂ ಎಕ್ಸ್-ಮೆನ್ ತಂಡದ ವೈರಿ, ಲೋಹವನ್ನು ಮನಸ್ಸಿನಿಂದಲೇ ಆಡಿಸುವವನು. 1981ರ ಸಂಚಿಕೆಯಲ್ಲಿ ತಿಳಿಯುತ್ತದೆ, ಅವನು ನಾಜಿಗಳ ಆಶ್ವಿಟ್ಸ್ ಸಾವಿನ ಶಿಬಿರದಲ್ಲಿ ಬೆಳೆದವನೆಂದು. ಅವನ ಗಾಯ ಊಹೆಯದ್ದಲ್ಲ. ಬೇರೆಯವರೆಂದು ಗುರುತಿಸಿದವರನ್ನು ಮನುಷ್ಯರು ಏನು ಮಾಡಬಲ್ಲರು ಎಂಬುದನ್ನು ಕಣ್ಣಾರೆ ಕಂಡವನು ಅವನು. ಹುಟ್ಟಿನಿಂದಲೇ ವಿಚಿತ್ರ ಶಕ್ತಿ ಪಡೆದ ತನ್ನ ಕುಲದವರಿಗೂ ಅದೇ ಗತಿ ಬರುತ್ತದೆಂಬ ಭಯವನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. ಅದೇ ಸಂಚಿಕೆಯ ಕಾಳಗದಲ್ಲಿ ಎಕ್ಸ್-ಮೆನ್ ತಂಡದ ಹದಿಹರೆಯದ ಹುಡುಗಿಯೊಬ್ಬಳು ಅವನ ಏಟಿಗೆ ಉರುಳುತ್ತಾಳೆ. ಸತ್ತಳೆಂದೇ ಭಾವಿಸಿ ಅವನು ಅವಳನ್ನು ಎತ್ತಿಕೊಳ್ಳುತ್ತಾನೆ. ತನ್ನವರನ್ನು ಕೊಂದವರ ಮೇಲಿನ ಹಗೆಯಿಂದ ಹೊರಟವನ ತೋಳಿನಲ್ಲಿ ಮಗು. ತಾನು ಒತ್ತಿದ ಬೆರಳಿನ ಪೂರ್ತಿ ಭಾರ ಅವನಿಗೆ ತಾಗುವುದು ಆಗ ಮಾತ್ರ. ಕಾಮಿಕ್ಸ್ ಮಕ್ಕಳ ಓದು ಎಂದು ತಳ್ಳಿಹಾಕುವವರ ಮುಂದೆ ನಾನು ಈ ಪುಟಗಳನ್ನು ಇಡುತ್ತೇನೆ.

ಬ್ಯಾಟ್‌ಮ್ಯಾನನ ವೈರಿ ಜೋಕರನ ವಿಷಯ ಬೇರೆ. ಅವನಿಗೆ ನೆಚ್ಚಬಹುದಾದ ಹಿನ್ನೆಲೆಯೇ ಇಲ್ಲ, ಒಂದು ಕಥೆಯಲ್ಲಿ ಅವನೇ ತನ್ನ ಗತವನ್ನು ಒಮ್ಮೆ ಒಂದು ಥರ, ಇನ್ನೊಮ್ಮೆ ಇನ್ನೊಂದು ಥರ ನೆನೆಯುತ್ತೇನೆ ಎನ್ನುತ್ತಾನೆ. ಅವನನ್ನು ಕಂಡರೆ ಭಯವಾಗುತ್ತದೆ, ಸಂಕಟವಾಗುವುದಿಲ್ಲ.

ಸಂಕಟವಾಗುವುದು ರನ್ನನ ದುರ್ಯೋಧನನನ್ನು ಕಂಡು. ಸಾವಿರ ವರ್ಷದ ಹಿಂದೆಯೇ ಕನ್ನಡದ ಕವಿ ಖಳನ ಬಾಯಿಂದ ಅವನ ಉದ್ದೇಶವನ್ನು ಹೇಳಿಸಿದ: ನೆಲಕ್ಕಾಗಿ ಕಾದುವೆನೆಂದುಕೊಂಡಿರಾ, ಛಲಕ್ಕಾಗಿ ಕಾದುತ್ತೇನೆ, ಕರ್ಣನನ್ನು ಕೊಲ್ಲಿಸಿದ ಈ ನೆಲ ನನಗೆ ಪಾಳು. ರಾಜ್ಯ ಬೇಡವಾದ ಮೇಲೂ ಯುದ್ಧ ಬೇಕು. 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕೆವಿನ್ ಕಾರ್ಲ್‌ಸ್ಮಿತ್ ಮತ್ತು ಜೊತೆಗಾರರು ಹಣ ಹೂಡುವ ಆಟದಲ್ಲಿ ಒಬ್ಬನಿಂದ ಉಳಿದವರಿಗೆ ಮೋಸ ಮಾಡಿಸಿ, ಕೆಲವರಿಗೆ ಮಾತ್ರ ಅವನನ್ನು ದಂಡಿಸುವ ಅವಕಾಶ ಕೊಟ್ಟರು. ದಂಡಿಸಿದರೆ ಮನಸ್ಸು ಹಗುರಾಗುತ್ತದೆಂದು ಎಲ್ಲರೂ ಎಣಿಸಿದ್ದರು. ಆದರೆ ಹೆಚ್ಚು ಕುದಿದವರು ದಂಡಿಸಿದವರೇ. ಸೇಡು ತೀರಿಸಿಕೊಂಡವರು ಮೋಸಗಾರನನ್ನೇ ನೆನೆಯುತ್ತಾ ಉಳಿದರು, ಅವಕಾಶ ಸಿಗದವರು ಅವನನ್ನು ಮರೆತರು.

ಆ ರಾತ್ರಿ ತಾಲೀಮು ಮಯಸಭೆಗೆ ಬಂತು. ಈ ವರ್ಷ ನಮ್ಮವರು ರಾಜಸೂಯದ ಭಾಗವನ್ನೂ ಸೇರಿಸಿಕೊಂಡಿದ್ದಾರೆ. ಸ್ತ್ರೀಪಾತ್ರದವರು ಹೊರಗಿನಿಂದ ಬರುವವರು, ನಾಟಕದ ಹಿಂದಿನ ದಿನವಷ್ಟೇ ಬಂದು ಸೇರುತ್ತಾರೆ. ಹಾಗಾಗಿ ದ್ರೌಪದಿಯ ಜಾಗದಲ್ಲಿ ಯಾರೂ ಇರಲಿಲ್ಲ, ಒಂದು ಪ್ಲಾಸ್ಟಿಕ್ ಕುರ್ಚಿ ಇತ್ತು. ಮೇಷ್ಟ್ರು ಕಂದಪದ್ಯ ಮುಗಿಸಿ ಹಾರ್ಮೋನಿಯಂ ನಿಲ್ಲಿಸಿದರು. ತೂಕದ ಹಿರಿಯರು ಇಲ್ಲದ ಕೊಳಕ್ಕೆ ಕಾಲಿಟ್ಟು ಜಾರಿದರು, ಮಂಡಿಯೂರಿದರು, ಒದ್ದೆಯಾಗದ ಪಂಚೆಯನ್ನು ಹಿಂಡಿದರು. ಅಂಗಳ ನಿಶ್ಶಬ್ದವಾಗಿತ್ತು. ಅವರ ಕತ್ತು ತಟ್ಟನೆ ಆ ಖಾಲಿ ಕುರ್ಚಿಯ ಕಡೆ ತಿರುಗಿತು, ಕಿವಿಯ ಹಿಂದಿನ ನರ ಬಿಗಿಯಿತು, ಮುಖ ಕೆಂಪಾಯಿತು.

ಹುಡುಗ ನನ್ನ ಕೈ ಹಿಡಿದು ಪಿಸುಗುಟ್ಟಿದ: “ಮಾವ, ಯಾರು ನಕ್ಕರು?”